ಚೆಂಡಿಲ್ಲದ ಹೊತ್ತಿನ ಚೆಟ್ರಿ

ಕಂಠೀರವ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ನೋಡುವವರಿಗೆ ಹಳೆಯ ತಕರಾರೊಂದಿದೆ. ಗ್ಯಾಲರಿಗೂ ಅಂಕಣಕ್ಕೂ ನಡುವೆ ಅಥ್ಲೀಟುಗಳ ಓಟದ ಪಥ ಹಾದುಹೋಗುವುದರಿಂದ ಆಟಗಾರರ ಮುಖ ಸರಿಯಾಗಿ ಕಾಣುವುದಿಲ್ಲ. ಮುಖ ಕಾಣದಿದ್ದರೇನು, ಇಡೀ ಮೈದಾನ ಕಾಣುತ್ತದಲ್ಲ ಎಂಬುದು ನನ್ನ ವಾದ. ಟಿ.ವಿ. ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಚೆಂಡು ಕಾಲಲ್ಲಿಲ್ಲದಾಗ, ಗೋಲು ಹೊಡೆಯಬೇಕಾದ ಫಾರ್ವರ್ಡ್ ಆಟಗಾರ ಏನು ಮಾಡುತ್ತಿರುತ್ತಾನೆ ಎಂಬುದನ್ನು ಅದು ತೋರಿಸುವುದೇ ಇಲ್ಲ. ಅವನ ಕಸುಬಿನ ಬಹುಪಾಲು ನಡೆಯುವುದು ಆಗಲೇ.

2023ರ ಜೂನ್ 21, ಬುಧವಾರ. ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿಯಾದ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಸುನಿಲ್ ಚೆಟ್ರಿ ನಾಯಕತ್ವದ ಭಾರತಕ್ಕೆ ಪಾಕಿಸ್ತಾನ ಎದುರಾಳಿ. ವೀಸಾ ತಡವಾಗಿ ಪಾಕಿಸ್ತಾನದ ತಂಡ ಬೆಂಗಳೂರಿಗೆ ಬಂದಿಳಿದದ್ದೇ ಪಂದ್ಯದ ದಿನ. ನಿದ್ದೆಗೆಟ್ಟ ಕಾಲುಗಳೊಂದಿಗೆ ಅವರು ಆಡಿದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ರಾತ್ರಿಯ ಫಲಿತಾಂಶವನ್ನು ಕೊಂಡಾಡುವವರು ಇದನ್ನು ಮರೆಯುವುದು ಸರಿಯಲ್ಲ. ಸಂಜೆಯ ಹೊತ್ತಿಗೆ ಗ್ಯಾಲರಿ ತುಂಬಿತ್ತು. ಮಳೆಯೂ ಹಿಡಿದುಕೊಂಡಿತು. ಕೊಡೆ ಬಿಚ್ಚಿದರೆ ಹಿಂದಿನವರು ಬೈಯುತ್ತಾರೆ, ಬಿಚ್ಚದಿದ್ದರೆ ನೆನೆಯಬೇಕು. ಹೆಚ್ಚಿನವರು ನೆನೆಯುವುದನ್ನೇ ಆರಿಸಿಕೊಂಡರು.

ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರು ಒಂದು ಕಾಲದಲ್ಲಿ ಕಾರ್ಖಾನೆಯೊಂದರ ತಂಡಕ್ಕೆ ಆಡಿದವರಂತೆ. ಸಾರ್ವಜನಿಕ ಉದ್ದಿಮೆಗಳ ತಂಡಗಳೇ ಬೆಂಗಳೂರಿನ ಫುಟ್‌ಬಾಲನ್ನು ಆಳುತ್ತಿದ್ದ ದಿನಗಳ ಮನುಷ್ಯ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ ಎಂಬುದನ್ನು ಪಂದ್ಯ ಶುರುವಾಗುವ ಮುನ್ನವೇ ನನಗೆ ಹೇಳಿ ಮುಗಿಸಿದ್ದರು. ಆಟ ಶುರುವಾದ ಮೇಲೆ ನನ್ನ ಮೊಣಕೈ ತಟ್ಟಿ, "ನೀವು ಚೆಂಡನ್ನು ನೋಡಬೇಡಿ. ಹತ್ತು ನಿಮಿಷ ಚೆಟ್ರಿಯನ್ನು ಮಾತ್ರ ನೋಡಿ" ಎಂದರು.

ಹಾಗೆ ನೋಡುವುದು ಸುಲಭವಲ್ಲ. ಚೆಂಡು ಹೋದಲ್ಲಿಗೆ ಕಣ್ಣು ತಾನಾಗಿ ಜಾರುತ್ತದೆ. ಎಳೆದು ತಂದು ಚೆಟ್ರಿಯ ಮೇಲಿಟ್ಟರೆ ಮೊದಲಿಗೆ ಕಂಡದ್ದು ನಡೆಯುತ್ತಿರುವ ಒಬ್ಬ ಮನುಷ್ಯ. ಮೂವತ್ತೆಂಟು ವರ್ಷದ ಕಾಲುಗಳು ಸುಮ್ಮಸುಮ್ಮನೆ ಓಡುವುದಿಲ್ಲ. ನಾಲ್ಕು ಹೆಜ್ಜೆ ನಡೆದು ಭುಜದ ಮೇಲಿಂದ ಹಿಂದೆ ನೋಡುತ್ತಾರೆ, ಮತ್ತೆ ಎರಡು ಹೆಜ್ಜೆ, ಮತ್ತೆ ನೋಟ. ಇಬ್ಬರು ಡಿಫೆಂಡರುಗಳ ನಡುವಿನ ಜಾಗದಲ್ಲಿ, ಇವರನ್ನು ಕಾಯುವ ಹೊಣೆ ನನ್ನದೋ ನಿನ್ನದೋ ಎಂದು ಇಬ್ಬರಿಗೂ ಗೊಂದಲವಾಗುವ ಕಡೆಯೇ ನಿಲ್ಲುತ್ತಾರೆ. ಒಬ್ಬ ಹತ್ತಿರ ಬಂದರೆ ಇನ್ನೊಬ್ಬನ ಬೆನ್ನ ಹಿಂದಕ್ಕೆ ಸರಿಯುತ್ತಾರೆ. ಈ ಸರಿದಾಟಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಹತ್ತನೇ ನಿಮಿಷಕ್ಕೆ ಪಾಕಿಸ್ತಾನದ ಡಿಫೆಂಡರ್ ಗೋಲ್‌ಕೀಪರ್‌ಗೆ ಚೆಂಡನ್ನು ಹಿಂದಕ್ಕೆ ಕೊಟ್ಟ. ನೂರಕ್ಕೆ ತೊಂಬತ್ತೊಂಬತ್ತು ಸಲ ಏನೂ ಆಗದೆ ಮುಗಿದುಹೋಗುವ ಬ್ಯಾಕ್‌ಪಾಸ್ ಅದು. ಅಷ್ಟು ಹೊತ್ತು ನಡೆಯುತ್ತಿದ್ದ ಮನುಷ್ಯ ಆಗ ಓಡಿದರು. ಒದ್ದೆ ಹುಲ್ಲು, ಎದುರಿಗೆ ನುಗ್ಗಿಬರುತ್ತಿರುವ ಫಾರ್ವರ್ಡ್, ಕೀಪರ್ ತಡವರಿಸಿದ. ಚೆಂಡು ಚೆಟ್ರಿಯ ಕಾಲಿಗೆ ಬಂತು, ಮುಂದೆ ಖಾಲಿ ಬಲೆ. ಸುತ್ತಲಿನವರೆಲ್ಲ ಎದ್ದು ಕೂಗಿದರು. ನನ್ನ ಹಿಂದಿದ್ದ ಹುಡುಗನೊಬ್ಬ ಮಾತ್ರ, "ಇದೇನು ಗೋಲು, ಕೀಪರ್ ಕೊಟ್ಟ ದಾನ" ಎಂದ.

ಹಿರಿಯರು ಹಿಂದಿರುಗಿ ಅವನನ್ನು ದಿಟ್ಟಿಸಿದರು. "ದಾನ ಕೊಡುವಾಗ ಕೈಯೊಡ್ಡಿ ನಿಂತವನು ಯಾರಪ್ಪ? ಮಿಕ್ಕವರು ಎಲ್ಲಿದ್ದರು?"

ಹುಡುಗ ಸುಮ್ಮನಾದ. ಅವರ ಮಾತು ನನಗೆ ಪೂರ್ತಿ ಒಪ್ಪಿಗೆಯಾಯಿತು. ಇಂಥ ಓಟಗಳನ್ನು ಒಬ್ಬ ಫಾರ್ವರ್ಡ್ ಒಂದೊಂದು ಪಂದ್ಯದಲ್ಲೂ ಮತ್ತೆ ಮತ್ತೆ ಓಡುತ್ತಾನೆ, ಬಹುತೇಕ ಎಲ್ಲವೂ ವ್ಯರ್ಥ. ಕೀಪರ್ ಆರಾಮವಾಗಿ ಚೆಂಡನ್ನು ಪಕ್ಕಕ್ಕೆ ಸಾಗಿಸುತ್ತಾನೆ, ಇವನು ತಿರುಗಿ ತನ್ನ ಜಾಗಕ್ಕೆ ನಡೆಯುತ್ತಾನೆ. ಮಳೆ ಹಿಡಿದ ಮಣ್ಣಲ್ಲಿ ಮೊಳೆಯಲಿ ಬಿಡಲಿ, ರೈತ ಬಿತ್ತುವುದನ್ನು ಬಿಡುವುದಿಲ್ಲವಲ್ಲ, ಹಾಗೆ. ಯೌವನದಲ್ಲಿ ಈ ಓಟವನ್ನು ಯಾರು ಬೇಕಾದರೂ ಓಡಬಹುದು. ಹದಿನೆಂಟು ವರ್ಷ ದೇಶಕ್ಕೆ ಆಡಿದ ಮೇಲೂ ಓಡಬೇಕು ಅನ್ನಿಸುವುದಿದೆಯಲ್ಲ, ನನಗೆ ಬೆರಗು ಅಲ್ಲಿ.

ಆಮೇಲಿನದನ್ನು ಬೇಗ ಹೇಳುತ್ತೇನೆ. ಕೆಲವೇ ನಿಮಿಷಗಳಲ್ಲಿ ಪೆನಾಲ್ಟಿ, ಎರಡನೇ ಗೋಲು. ವಿರಾಮಕ್ಕೆ ಸ್ವಲ್ಪ ಮುಂಚೆ ಭಾರತದ ಕೋಚ್ ಇಗೊರ್ ಸ್ಟಿಮಾಚ್ ಎದುರಾಳಿಯ ಥ್ರೋ-ಇನ್‌ಗೆ ಅಡ್ಡಬಂದು ಕೆಂಪು ಕಾರ್ಡ್ ಪಡೆದರು. ಎರಡು ಗೋಲಿನ ಮುನ್ನಡೆಯಿದ್ದಾಗ ಅಂಥ ಅವಸರ ಏನಿತ್ತೋ. ಎಪ್ಪತ್ತನಾಲ್ಕನೇ ನಿಮಿಷಕ್ಕೆ ಮತ್ತೊಂದು ಪೆನಾಲ್ಟಿ, ಹ್ಯಾಟ್ರಿಕ್. ಕೊನೆಗೆ ಉದಾಂತ ಸಿಂಗ್ ನಾಲ್ಕನೆಯದನ್ನು ಸೇರಿಸಿದರು.

ಹಿಂದಿನ ಹುಡುಗನ ಲೆಕ್ಕಾಚಾರ ಮುಗಿದಿರಲಿಲ್ಲ: ಒಂದು ದಾನ, ಎರಡು ಪೆನಾಲ್ಟಿ. ಪೆನಾಲ್ಟಿಯನ್ನು ಗೋಲಿನ ಲೆಕ್ಕದಿಂದ ಕಳೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ತಾಳ್ಮೆಯಿಲ್ಲ. ಹನ್ನೆರಡು ಗಜ ದೂರದಲ್ಲಿ ಚೆಂಡಿಟ್ಟು, ಇಪ್ಪತ್ತು ಸಾವಿರ ಜನ ಉಸಿರು ಬಿಗಿಹಿಡಿದಾಗ ಕಾಲು ನಡುಗದಂತೆ ಒದೆಯುವುದು ಫಾರ್ವರ್ಡ್‌ನ ಕೆಲಸದ ಭಾಗವಲ್ಲದೆ ಮತ್ತೇನು?

ಆ ರಾತ್ರಿಗೆ ಚೆಟ್ರಿಯ ಅಂತರರಾಷ್ಟ್ರೀಯ ಗೋಲುಗಳು 90 ಆದವು. ಏಷ್ಯಾದ ಆಟಗಾರರ ಪೈಕಿ ಮಲೇಷ್ಯಾದ ಮೊಖ್ತಾರ್ ದಹಾರಿಯನ್ನು ದಾಟಿ, ಇರಾನಿನ ಅಲಿ ದಾಯಿಯ ನಂತರದ ಸ್ಥಾನ. ಮೊದಲನೆಯದು 2005ರ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಬಂದದ್ದು, ಅದೂ ಪಾಕಿಸ್ತಾನದ ವಿರುದ್ಧವೇ. ನಡುವೆ ಏನೆಲ್ಲ ಆಗಿಹೋಗಿತ್ತು: ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಅವಕಾಶವೇ ಸಿಗದ ದಿನಗಳು, ಪೋರ್ಚುಗಲ್‌ನಲ್ಲಿ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ತಂಡ, 2013ರಲ್ಲಿ ಆಗಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿ. ಮುಂಬೈಯಲ್ಲಿ 2018ರಲ್ಲಿ ಚೈನೀಸ್ ತೈಪೆ ವಿರುದ್ಧ ಹ್ಯಾಟ್ರಿಕ್ ಹೊಡೆದಾಗ ನೋಡಲು ಮೂರು ಸಾವಿರ ಜನರೂ ಇರಲಿಲ್ಲ. ನಮ್ಮನ್ನು ಬೈಯುವುದಕ್ಕಾದರೂ ಮೈದಾನಕ್ಕೆ ಬನ್ನಿ ಎಂದು ಅವರು ವಿಡಿಯೊದಲ್ಲಿ ಕೇಳಿಕೊಂಡ ಮೇಲೆ ಮುಂದಿನ ಪಂದ್ಯದ ಟಿಕೆಟ್ ಪೂರಾ ಖರ್ಚಾಯಿತು. ಗೋಲು ಹೊಡೆಯುವವನೇ ಪ್ರೇಕ್ಷಕರನ್ನೂ ಕರೆತರಬೇಕು ಎನ್ನುವುದು ನಮ್ಮ ಫುಟ್‌ಬಾಲಿನ ಸ್ಥಿತಿ.

ಹೊರಗೆ ಬರುವಾಗ ಹಿರಿಯರನ್ನು ಕೇಳಿದೆ: "ಇವರಾದ ಮೇಲೆ ಯಾರು, ಸಾರ್?"

"ಯಾರನ್ನು ಬೆಳೆಸಿದ್ದಾರೆ? ನಮ್ಮ ದೊಡ್ಡ ಲೀಗ್ ಐಎಸ್‌ಎಲ್‌ನ ಕ್ಲಬ್ಬುಗಳು ನಡುಮುಂದೆ ನಿಲ್ಲಿಸುವುದು ಹೊರದೇಶದವರನ್ನು. ನಮ್ಮ ಹುಡುಗ ಸ್ಟ್ರೈಕರ್ ಆಗಿದ್ದರೂ ಅಂಚಿಗೆ ತಳ್ಳುತ್ತಾರೆ. ಗೋಲಿನ ಎದುರು ನಿಲ್ಲುವ ಅಭ್ಯಾಸವೇ ಇಲ್ಲದವನು ದೇಶಕ್ಕೆ ಆಡುವಾಗ ಎಲ್ಲಿ ನಿಲ್ಲುತ್ತಾನೆ?"

ಕ್ಲಬ್ಬುಗಳ ಕಡೆಯ ನ್ಯಾಯವೂ ನನಗೆ ಗೊತ್ತು. ಸೋತರೆ ಹೋಗುವುದು ಕೋಚ್‌ನ ತಲೆ, ಅವನು ಸಿದ್ಧವಿರುವ ಗೋಲುಗಾರನನ್ನೇ ತರುತ್ತಾನೆ. ಆದರೆ ಹಿರಿಯರ ಪ್ರಶ್ನೆಗೆ ಮುಂದೆ ಸಿಕ್ಕ ಉತ್ತರ ಅವರ ಕಡೆಗೇ ವಾಲಿತು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಗೋಲಿಲ್ಲದ ಡ್ರಾ ಆಡಿ, 94 ಗೋಲುಗಳೊಂದಿಗೆ ಚೆಟ್ರಿ ವಿದಾಯ ಹೇಳಿದರು. ಆ ನಂತರದ ಐಎಸ್‌ಎಲ್ ಋತುವಿನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು ಯಾರೆಂದು ನೋಡಿದರೆ, ನಲವತ್ತು ತುಂಬಿದ ಅದೇ ಮನುಷ್ಯ. 2025ರ ಮಾರ್ಚ್‌ನಲ್ಲಿ ತಂಡ ಅವರನ್ನೇ ವಾಪಸು ಕರೆಯಿತು. ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ ಅವರು 95ನೆಯದನ್ನು ತಲೆಯಿಂದ ಬಲೆಗೆ ಹಾಕಿದರು. ಮನೆಯಲ್ಲಿ ಕೂತು ನೋಡುತ್ತಿದ್ದ ನನಗೆ ಅಂದು ಮೂರು ಪಾಲು ಖುಷಿ, ಒಂದು ಪಾಲು ಸಿಟ್ಟು. ಟಿ.ವಿ.ಯಲ್ಲಿ ಚೆಂಡಷ್ಟೇ ಕಾಣುತ್ತಿತ್ತು. ಅದು ಬರುವ ಮೊದಲು ಅವರು ಯಾವ ಡಿಫೆಂಡರ್‌ನ ಬೆನ್ನ ಹಿಂದೆ ಸರಿದಿದ್ದರೋ, ಕ್ಯಾಮೆರಾ ತೋರಿಸಲಿಲ್ಲ.