ಬೇಲಿಯ ಬುಡ

ವಿಶಾಖ ಮಳೆ ಹಿಂದೆಗೆದು ನಾಲ್ಕು ದಿನ ಬಿಸಿಲು ಕಾದರೆ ಸಾಕು, ಒಂದು ಕೈಯಲ್ಲಿ ಹಾರೆ, ಇನ್ನೊಂದರಲ್ಲಿ ಹಳೆಯ ಸ್ಕ್ರೂಡ್ರೈವರ್ ಹಿಡಿದು ನಾನು ಬೇಲಿ ಸುತ್ತಲು ಹೊರಡುತ್ತೇನೆ. ಬೀದಿಯವರಿಗೆ ಇದು ಅಭ್ಯಾಸವಾಗಿದೆ. "ಟೀಚರ್ ಬೇಲಿಗೆ ಇಂಜೆಕ್ಷನ್ ಕೊಡಲು ಹೊರಟರು" ಎಂದು ಎದುರು ಮನೆಯ ಹುಡುಗ ನಗುತ್ತಾನೆ.

ನಮ್ಮ ಮನೆ ಇರುವುದು ಚಿಕ್ಕಬಳ್ಳಾಪುರದ ಅಂಚಿನಲ್ಲಿ, ನಂದಿ ಬೆಟ್ಟ ಕಾಣುವ ಕಡೆ. ಕಾಣುವ ಕಡೆ ಎನ್ನುವುದು ಮಧ್ಯಾಹ್ನದ ಮಾತು. ಡಿಸೆಂಬರಿನ ಎಷ್ಟೋ ಬೆಳಿಗ್ಗೆ ಬೆಟ್ಟವಿರಲಿ, ನಮ್ಮದೇ ಗೇಟು ಕಾಣುವುದಿಲ್ಲ. ಮೂರು ಕಡೆ ಮಾವನವರು ನೆಡಿಸಿದ ಕಲ್ಲು ಕಂಬ, ಐದೆಳೆ ಮುಳ್ಳುತಂತಿ. ರಸ್ತೆಯ ಕಡೆ ಕಬ್ಬಿಣದ ಗೇಟು, ಒಂದು ದಿಡ್ಡಿ ಬಾಗಿಲು, ಉಳಿದದ್ದು ಮರದ ಪಟ್ಟಿಯ ಬೇಲಿ. ಮರದ ಬೇಲಿ ನನ್ನ ಆಸೆ. "ಗೆದ್ದಲಿಗೆ ಊಟ ಹಾಕುತ್ತೀಯಮ್ಮ" ಎಂದಿದ್ದರು ಮಾವ. ಅವರ ಮಾತು ಸುಳ್ಳಾಗಲಿಲ್ಲ. ಒಪ್ಪಿಕೊಳ್ಳಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ಮಗಳು ಅಮೆರಿಕದ ಮಿನೆಸೋಟದಲ್ಲಿದ್ದಾಳೆ. ಅವರ ಕಡೆ ಕಂಬಕ್ಕೆ ಮೂರೂವರೆ ಅಡಿ ಗುಂಡಿ ತೋಡುತ್ತಾರಂತೆ. ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿದಾಗ ಹಿಗ್ಗಿ, ಕಂಬವನ್ನು ಹಲ್ಲು ಕೀಳುವ ಹಾಗೆ ಮೇಲೆತ್ತುತ್ತದೆ. ಆದ್ದರಿಂದ ಹೆಪ್ಪುಗಟ್ಟುವ ಪದರಕ್ಕಿಂತ ಕೆಳಗೆ ಬುಡ ಊರಬೇಕು. "ನಿನಗೇನಮ್ಮ ಚಿಂತೆ, ನಮ್ಮೂರಿನಲ್ಲಿ ಹಿಮ ಬೀಳುತ್ತದೆಯೇ?" ಎಂದಳು. ಹಿಮ ಬೀಳುವುದಿಲ್ಲ ಕಣೇ, ಇಬ್ಬನಿ ಬೀಳುತ್ತದೆ. ಅದೂ ಹಿಂಗಾರು ನೆನೆಸಿಟ್ಟು ಹೋದ ಮಣ್ಣಿನ ಮೇಲೆ, ರಾತ್ರಿಯಿಡೀ.

ಮರದ ಕಂಬ ಕೊಳೆಯುವುದು ತುದಿಯಲ್ಲೂ ಅಲ್ಲ, ಆಳದಲ್ಲೂ ಅಲ್ಲ, ನೆಲ ಮುಟ್ಟುವ ಆ ನಾಲ್ಕು ಬೆರಳು ಅಗಲದಲ್ಲಿ. ಮರ ತಿನ್ನುವ ಬೂಷ್ಟಿಗೆ ತೇವವೂ ಬೇಕು, ಗಾಳಿಯೂ ಬೇಕು. ಆಳದಲ್ಲಿ ಗಾಳಿಯಿಲ್ಲ, ಮೇಲೆ ಬಿಸಿಲಿಗೆ ಒಣಗುತ್ತದೆ. ನೆಲದ ಗೆರೆಯಲ್ಲಿ ಎರಡೂ ಸಿಗುತ್ತವೆ. ಸ್ಕ್ರೂಡ್ರೈವರ್ ಇರುವುದು ಅಲ್ಲಿ ಚುಚ್ಚಿ ನೋಡುವುದಕ್ಕೆ. ಟಕ್ ಎಂದು ನಿಂತರೆ ಸರಿ. ನೆನೆದ ರಸ್ಕಿನೊಳಗೆ ಹೋದಂತೆ ಹೋದರೆ ಆ ಕಂಬದ ಆಸೆ ಬಿಡಬೇಕು. ಈ ಸಲ ಎರಡು ಹೋದವು. ಬುಡಕ್ಕೆ ಗೂಡುಗಟ್ಟಿದ್ದ ಎಲೆ, ಕಸವನ್ನೆಲ್ಲ ಕೆರೆದು ತೆಗೆದೆ. ಕಂಬದ ಸುತ್ತ ಮಣ್ಣು ಬಟ್ಟಲಿನಂತೆ ತಗ್ಗಾಗಿರಬಾರದು, ದಿಬ್ಬದಂತೆ ಉಬ್ಬಿದ್ದು ನೀರು ಹೊರಕ್ಕೆ ಹರಿಯಬೇಕು.

ಕಲ್ಲು ಕಂಬಕ್ಕೆ ಕೊಳೆಯುವ ಭಯವಿಲ್ಲ ಎಂದು ನಾನೂ ನಿರಾಳವಾಗಿದ್ದವಳೇ. 2021ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಸುರಿದ ಮಳೆ ಯಾರೂ ಮರೆತಿರಲಾರರು. ಆಗ ಹಿತ್ತಲಿನ ಒಂದು ಕಂಬ ಸ್ವಲ್ಪ ವಾಲಿತು. ನೋಡಿದರೆ ಬುಡದಲ್ಲಿ ಹೆಗ್ಗಣದ ಬಿಲ, ಬಿಲದ ತುಂಬ ನೀರು. ಎರಡು ಬಾಂಡ್ಲಿ ಮಣ್ಣು ಸುರಿದು, ಕಾಲಿನಿಂದ ತುಳಿದು, ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಿದೆ. ಒಂದು ವಾರಕ್ಕೆ ಆ ಕಂಬ ಬಿದ್ದಿತು, ನಾನು ಎಳೆದು ಕಟ್ಟಿದ್ದ ತಂತಿಯ ಪುಣ್ಯದಿಂದ ಅಕ್ಕಪಕ್ಕದ ಎರಡನ್ನೂ ಜೊತೆಗೆ ಕರೆದುಕೊಂಡು. ಈಗ ಮಣ್ಣು ಹಸಿಯಿದ್ದಾಗ ತಂತಿ ಮುಟ್ಟುವುದಿಲ್ಲ. ಎರಡಡಿ ಬಗೆಸಿ, ಸ್ವಲ್ಪ ಸ್ವಲ್ಪವೇ ಜಲ್ಲಿ, ಮಣ್ಣು ಹಾಕಿ, ಪ್ರತಿ ಪದರವನ್ನೂ ಹಾರೆಯಿಂದ ಕುಟ್ಟಿಸಿ, ಮಣ್ಣು ಆರಿದ ಮೇಲೆಯೇ ಕಟ್ಟಿಸುತ್ತೇನೆ.

ಗೇಟಿನ ವಿಷಯದಲ್ಲಿ ನಾನು ಕಲಿತದ್ದು ಒಂದೇ: ಬೆಳಿಗ್ಗೆ ಬಣ್ಣ ಬಳಿಯಬಾರದು. ಒಮ್ಮೆ ಡಿಸೆಂಬರಿನಲ್ಲಿ, ಬಿಸಿಲೇರುವ ಮುಂಚೆ ಮುಗಿಸೋಣ ಎಂದು ಏಳು ಗಂಟೆಗೇ ಶುರು ಮಾಡಿದ್ದೆ. ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ಇಬ್ಬನಿ ಕೂತಿತ್ತು. ಸಂಕ್ರಾಂತಿಯ ಹೊತ್ತಿಗೆ ಬಣ್ಣ ಹಪ್ಪಳದಂತೆ ಎದ್ದಿತು. ಈಗ ಹನ್ನೊಂದರ ನಂತರ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೂರು ಗಂಟೆಗೆಲ್ಲ ಬ್ರಷ್ ತೊಳೆದಿಡುತ್ತೇನೆ.

ದಿಡ್ಡಿ ಬಾಗಿಲು ಮಳೆಗೆ ಉಬ್ಬಿ ಮುಚ್ಚಿಕೊಳ್ಳದಿದ್ದರೆ ಬಡಗಿಯನ್ನು ಕರೆಯಬೇಡಿ. ಕರೆದು ನೋಡಿದ್ದೇನೆ. ಅವರು ಪಾಪ ಹೇಳಿದಷ್ಟು ತೋಪಡ ಹೊಡೆದು ಹೋದರು, ಶಿವರಾತ್ರಿಯ ಹೊತ್ತಿಗೆ ಮರ ಒಣಗಿ ಕುಗ್ಗಿ ಬೆಕ್ಕು ನುಸುಳುವ ಸಂದಿಯಾಯಿತು.

ಮರಕ್ಕೆ ಹಚ್ಚುವುದು ಅಗಸೆ ಎಣ್ಣೆ, ಪೂರ್ತಿ ಒಣಗಿದ ಮೇಲೆ, ತೆಳುವಾಗಿ ಎರಡು ಸಲ. ಗ್ಯಾರೇಜಿನ ಸುಟ್ಟ ಆಯಿಲ್ ಹಚ್ಚಿ ಎಂದು ಹೇಳುವವರು ಬೀದಿಗೆ ಹತ್ತು ಜನ. ಗೆದ್ದಲು ಬರುವುದಿಲ್ಲವಂತೆ. ಅದು ಮಳೆಗೆ ತೊಳೆದು ನನ್ನ ದಂಟಿನ ಸೊಪ್ಪಿನ ಪಾತಿಗೇ ಇಳಿಯಬೇಕಲ್ಲ, ನಾನಂತೂ ಹಚ್ಚುವುದಿಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದುರಿ ಮೂಲೆಗೆ ಎಸೆಯಬೇಡಿ. ಒಳಗೊಳಗೇ ಬಿಸಿಯೇರಿ, ಬೆಂಕಿ ಕಡ್ಡಿಯೇ ಇಲ್ಲದೆ ಹೊತ್ತಿಕೊಳ್ಳಬಲ್ಲದು. ಹಗ್ಗದ ಮೇಲೆ ಬಿಡಿಸಿ ಹರವಿ.

ಇಷ್ಟೆಲ್ಲ ಹೇಳುವ ನಾನು ರಸ್ತೆ ಬದಿಯ ಕೊನೆಯ ಹತ್ತಡಿಗೆ ಈ ವರ್ಷವೂ ಎಣ್ಣೆ ಹಚ್ಚಿಲ್ಲ. ಅಲ್ಲಿ ಅವರೆ ಬಳ್ಳಿ ಹಬ್ಬಿದೆ. ಬಳ್ಳಿಯ ಭಾರಕ್ಕೆ ಪಟ್ಟಿಗಳು ಜೋತಿವೆ, ಎಲೆಯಡಿ ಮಧ್ಯಾಹ್ನದವರೆಗೂ ತೇವ ಆರುವುದಿಲ್ಲ. ಕಿತ್ತು ಹಾಕಬೇಕೆಂದು ಬಾಯಲ್ಲಿ ಹೇಳುತ್ತೇನೆ. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಹೆಚ್ಚು ಎನ್ನುತ್ತಾರಲ್ಲ, ಮೊನ್ನೆ ಮೊದಲ ಬುಟ್ಟಿ ಕಿತ್ತು ಹಿತಕಿದ ಬೇಳೆ ಸಾರು ಮಾಡಿದೆ. ವಿಡಿಯೊ ಕರೆಯಲ್ಲಿ ತೋರಿಸಿದಾಗ ಮಗಳು ಬೇಲಿಯ ಬಗ್ಗೆ ಏನೂ ಕೇಳಲಿಲ್ಲ. ಎಣ್ಣೆಯ ಡಬ್ಬ ಸಂಕ್ರಾಂತಿಯವರೆಗೆ ಮೆಟ್ಟಿಲ ಕೆಳಗೆ ಇರುತ್ತದೆ.