ಅಪ್ಪನ ವಾರಿಗೆಯ ಹುಡುಗ

ಶಿರಡಿಯಿಂದ ವಿಜಯಪುರಕ್ಕೆ ವಾಪಸ್ ಬರುವ ದಾರಿಯಲ್ಲಿ ಅಹ್ಮದ್‌ನಗರ ಸಿಗುತ್ತದೆ. ಈಗ ಅದರ ಹೆಸರು ಅಹಿಲ್ಯಾನಗರ. ನಮ್ಮ ಕಡೆಯ ಎಷ್ಟೋ ಜನ ಆ ಊರು ದಾಟಿಯೇ ಸಾಯಿಬಾಬಾ ದರ್ಶನಕ್ಕೆ ಹೋಗುತ್ತಾರೆ. ಚಹಾ ಕುಡಿಯುತ್ತಾರೆ, ಮುಂದೆ ಹೊರಡುತ್ತಾರೆ. ನಾನೂ ಇಷ್ಟು ವರ್ಷ ಹಾಗೇ ಮಾಡಿದ್ದೆ. ಕಳೆದ ಡಿಸೆಂಬರ್‌ನಲ್ಲಿ ಮಾತ್ರ ಕಾರನ್ನು ಟ್ಯಾಂಕ್ ಮ್ಯೂಸಿಯಂ ಕಡೆ ತಿರುಗಿಸಿದೆ. ಪಕ್ಕದಲ್ಲಿ ಅಪ್ಪ ಇದ್ದರು.

ಸೈನ್ಯದ ಹಳೆಯ ಟ್ಯಾಂಕುಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಅಪ್ಪನಿಗೆ ಮೊಣಕಾಲು ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಅದಕ್ಕೆ ಉಳಿದದ್ದನ್ನೆಲ್ಲ ಬಿಟ್ಟು ನೇರ ಸೆಂಚುರಿಯನ್ ಟ್ಯಾಂಕಿನ ಹತ್ತಿರ ಕರೆದುಕೊಂಡು ಹೋದೆ. ಸುಮಾರು ಐವತ್ತು ಟನ್ ತೂಕ, ಒಳಗೆ ನಾಲ್ಕೇ ಜನ. ಅಪ್ಪ ಅದರ ಚೈನಿನ ಮೇಲೆ ಕೈ ಇಟ್ಟರು. ಬಿಸಿಲಿಗೆ ಕಬ್ಬಿಣ ಕಾದಿತ್ತು. ಆದರೂ ಕೈ ತೆಗೆಯಲಿಲ್ಲ.

ಅಲ್ಲೇ ನಿಂತು ಅವರಿಗೆ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ಕತೆ ಹೇಳಿದೆ.

ಅರುಣ್ 17 ಪೂನಾ ಹಾರ್ಸ್ ರೆಜಿಮೆಂಟಿಗೆ ಸೇರಿದ್ದು 1971ರ ಜೂನ್ 13ಕ್ಕೆ. ಆ ವರ್ಷ ಪಾಕಿಸ್ತಾನದ ಜೊತೆ ಯುದ್ಧ ಶುರುವಾಗುವ ಹೊತ್ತಿಗೆ ಇದೇ ಅಹ್ಮದ್‌ನಗರದಲ್ಲಿ ಹೊಸ ಅಧಿಕಾರಿಗಳ ಕೋರ್ಸ್ ಮಾಡುತ್ತಿದ್ದರು. ಅದನ್ನು ಅರ್ಧಕ್ಕೆ ನಿಲ್ಲಿಸಿ ಎಲ್ಲರನ್ನೂ ರೆಜಿಮೆಂಟಿಗೆ ಕಳಿಸಿದರು. ಹೋಗುವಾಗ ದೆಹಲಿಯ ಮನೆಗೆ ಹೋಗಿ, ಗಾಲ್ಫ್ ಕೋಲುಗಳನ್ನೂ ಪಾರ್ಟಿಗೆ ಹಾಕುವ ನೀಲಿ ಯೂನಿಫಾರ್ಮನ್ನೂ ಟ್ರಂಕಿಗೆ ಹಾಕಿಕೊಂಡರಂತೆ. ಯಾಕೆ ಅಂದರೆ, ಲಾಹೋರಿನಲ್ಲಿ ಗಾಲ್ಫ್ ಆಡುತ್ತೇನೆ, ಗೆದ್ದ ಮೇಲೆ ಊಟದ ಪಾರ್ಟಿಗೂ ಬೇಕಲ್ಲ ಅಂದರಂತೆ. ಎಂಥಾ ವಯಸ್ಸು ಅದು, ಅಲ್ವಾ?

ಡಿಸೆಂಬರ್ 16ರ ಬೆಳಿಗ್ಗೆ, ಪಾಕಿಸ್ತಾನದ ಶಕರ್‌ಗಢ ಭಾಗದ ಬಸಂತರ್ ನದಿಯ ಆಚೆ ದಡ. ಹಿಂದಿನ ರಾತ್ರಿ ನೆಲಬಾಂಬು ಪೂರ್ತಿ ತೆಗೆಯುವವರೆಗೂ ಕಾಯದೆ ನಮ್ಮ ಟ್ಯಾಂಕುಗಳು ನುಗ್ಗಿದ್ದವು. ಬೆಳಿಗ್ಗೆ ಎಂಟರ ಸುಮಾರಿಗೆ ಜರ್ಪಾಲ್ ಹತ್ತಿರ ಪಾಕಿಸ್ತಾನದ ಟ್ಯಾಂಕುಗಳು ಹೊಗೆಯ ಮರೆಯಲ್ಲಿ ಮೇಲೆ ಬಿದ್ದವು. ಅಲ್ಲಿದ್ದ ಸ್ಕ್ವಾಡ್ರನ್, ಅಂದರೆ ರೆಜಿಮೆಂಟಿನ ಒಂದು ಟ್ಯಾಂಕ್ ತುಕಡಿ, ಸಹಾಯ ಕೇಳಿತು. ಅರುಣ್ ಬೇರೆ ಸ್ಕ್ವಾಡ್ರನ್‌ನವರು. ಆದರೂ ವೈರ್‌ಲೆಸ್‌ನಲ್ಲಿ ಮಾತು ಕೇಳಿದ್ದೇ ತಮ್ಮ ಟ್ಯಾಂಕುಗಳ ಜೊತೆ ಹೊರಟುಬಿಟ್ಟರು.

ಕೊನೆಗೆ ಆ ಜಾಗ ಕಾಯಲು ಉಳಿದದ್ದು ಮೂರು ಟ್ಯಾಂಕ್. ಒಂದರ ಗನ್ ಕೆಟ್ಟಿತು, ಇನ್ನೊಂದರ ಅಧಿಕಾರಿಗೆ ಗಾಯವಾಯಿತು. ಅರುಣ್ ಟ್ಯಾಂಕಿಗೂ ಗುಂಡು ಬಿದ್ದು ಬೆಂಕಿ ಹತ್ತಿತ್ತು. ಬಿಟ್ಟು ಹೊರಗೆ ಬಾ ಅಂತ ಆರ್ಡರ್ ಬಂತು. ಇಲ್ಲ ಸರ್, ಟ್ಯಾಂಕ್ ಬಿಡಲ್ಲ, ನನ್ನ ಗನ್ ಇನ್ನೂ ಕೆಲಸ ಮಾಡ್ತಿದೆ ಅಂದರು ಅರುಣ್. ಅವತ್ತು ಅಲ್ಲಿ ನಾಶವಾದ ಹತ್ತು ಟ್ಯಾಂಕುಗಳಲ್ಲಿ ನಾಲ್ಕು ಅವರೊಬ್ಬರೇ ಹೊಡೆದದ್ದು ಅಂತ ಪರಮವೀರ ಚಕ್ರದ ಪ್ರಶಸ್ತಿ ಪತ್ರದಲ್ಲಿದೆ. ಕೊನೆಯದು ಬರೀ ನೂರು ಮೀಟರ್ ದೂರದಲ್ಲಿತ್ತು. ಆಮೇಲೆ ಅವರ ಟ್ಯಾಂಕಿಗೆ ಇನ್ನೊಂದು ಗುಂಡು ಬಿತ್ತು. ಆ ಟ್ಯಾಂಕಿನ ಹೆಸರು ಫಮಗುಸ್ತಾ. ರಿಪೇರಿ ಮಾಡಿ ಇದೇ ಊರಿನ ಸೈನ್ಯದ ಕೇಂದ್ರದಲ್ಲಿ ಉಳಿಸಿಕೊಂಡಿದ್ದಾರೆ.

"ಎಷ್ಟ ವಯಸ್ಸಂದಿ?" ಅಪ್ಪ ಕೇಳಿದರು.

"ಇಪ್ಪತ್ತೊಂದು. ಹುಟ್ಟಿದ್ದು 1950ರ ಅಕ್ಟೋಬರ್."

ಅಪ್ಪನದು ಶಾಲೆಯ ದಾಖಲೆ ಪ್ರಕಾರ 1950ರ ಜೂನ್ 1. "ನನ್ನ ವಾರಿಗಿಯಂವ," ಅಂದರು. ಸ್ವಲ್ಪ ತಡೆದು, "ಈಗ ಇದ್ದಿದ್ರ ಅಂವನೂ ನನ್ನಂಗ ಮೊಣಕಾಲ ಹಿಡಕೊಂಡು ಕೂಡತಿದ್ದ," ಅಂದರು.

ನಾನು ಈ ಕತೆ ಓದಿದವನು. ಅಪ್ಪ ಆ ದಿನಗಳನ್ನು ಕಂಡವರು. ಬಿ.ಎ. ಮುಗಿದಿತ್ತು, ನೌಕರಿ ಸಿಕ್ಕಿರಲಿಲ್ಲ. ಆ ಡಿಸೆಂಬರ್ ಪೂರ್ತಿ ಕವಣೆ ಹಿಡಿದು ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತಿದ್ದರಂತೆ. ಸಂಜೆ ಪಂಚಾಯ್ತಿ ರೇಡಿಯೋ ಮುಂದೆ ಊರೆಲ್ಲ ಸೇರುತ್ತಿತ್ತು. ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು ಅಂತ ಸುದ್ದಿ ಬಂದ ರಾತ್ರಿ ಹುಡುಗರೆಲ್ಲ ಸೇರಿ ಮನೆಮನೆಗೆ ಬೆಲ್ಲ ಹಂಚಿದ್ದರು.

"ಅದ ದಿನಾನ?" ಅಪ್ಪ ನನ್ನ ಮುಖ ನೋಡಿದರು.

"ಹೌದಪ್ಪಾ, 16ನೇ ತಾರೀಖೇ. ಅರುಣ್ ಹೋಗಿದ್ದು ಬೆಳಿಗ್ಗೆ. ಢಾಕಾದ್ದು ಸಂಜೆ."

"ನಾ ಸಂಜೀಕ ಬೆಲ್ಲಾ ಹಂಚೀನಿ ತಮ್ಮಾ. ಅಂವ ಮುಂಜಾನಿ ಹೋಗಿಬಿಟ್ಟಿದ್ದ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ಅವರ ಮನಸ್ಸಿನಲ್ಲಿ ಬರೀ ಬೆಲ್ಲವಾಗಿದ್ದ ದಿನವನ್ನು ನಾನೇ ಕೆಡಿಸಿದೆನೇನೋ ಅನಿಸಿತು. ಆದರೆ ಅಪ್ಪ ಇನ್ನೂ ಹೇಳು ಅಂದರು. ಪಶ್ಚಿಮದ ಗಡಿಯಲ್ಲೂ ಮರುದಿನ ರಾತ್ರಿಯೇ ಕದನವಿರಾಮ ಆಯಿತು ಅಂತ ಹೇಳಿದೆ. ಆಮೇಲೆ ಅರುಣ್ ತಂದೆಯ ಕತೆಯನ್ನೂ.

ತಂದೆಯೂ ಸೈನ್ಯದವರೇ, ಬ್ರಿಗೇಡಿಯರ್ ಎಂ.ಎಲ್. ಖೇತರ್‌ಪಾಲ್. ಹುಟ್ಟೂರು ಸರ್ಗೋಧಾ, ಈಗ ಪಾಕಿಸ್ತಾನದಲ್ಲಿದೆ. 2001ರಲ್ಲಿ, 81ನೇ ವಯಸ್ಸಿನಲ್ಲಿ, ಅದನ್ನು ಒಮ್ಮೆ ನೋಡಲು ಹೋದರು. ಲಾಹೋರಿನಲ್ಲಿ ಪಾಕಿಸ್ತಾನ ಸೈನ್ಯದ ಬ್ರಿಗೇಡಿಯರ್ ನಾಸೆರ್ ಅನ್ನುವವರು ಮನೆಯಲ್ಲೇ ಇಟ್ಟುಕೊಂಡು ತುಂಬಾ ಚೆನ್ನಾಗಿ ನೋಡಿಕೊಂಡರು. ವಾಪಸ್ ಬರುವ ಹಿಂದಿನ ರಾತ್ರಿ ಅವರು ಹೇಳಿದರು: ನಿಮ್ಮ ಮಗನ ಎದುರು ಇದ್ದವನು ನಾನೇ, ನನ್ನ ಕೈಯಿಂದಲೇ ಅವನು ಹೋದದ್ದು.

"ಆ ಮುದುಕಪ್ಪಗ ಆ ರಾತ್ರಿ ನಿದ್ದಿ ಬಂದಿತ್ತೇನು?" ಅಪ್ಪ ಕೇಳಿದರು.

ವಾಪಸ್ ಬರುವಾಗ ಸೋಲಾಪುರಕ್ಕೆ ಇನ್ನೂ ದೂರವಿತ್ತು. ರಸ್ತೆ ಬದಿ ಹೊಲದಲ್ಲಿ ಸೀತನಿ ಸುಡುತ್ತಿದ್ದರು, ಅವರು ಅದಕ್ಕೆ ಹುರ್ಡಾ ಅನ್ನುತ್ತಾರೆ. ಅಪ್ಪ ನಿಲ್ಲಿಸು ಅಂದರು. ಕುಳ್ಳಿನ ಕೆಂಡದಲ್ಲಿ ಸುಟ್ಟ ಹಸಿ ಜೋಳದ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳನ್ನು ನನ್ನ ಕೈಗೆ ಹಾಕಿದರು. ಚಿಕ್ಕವನಿದ್ದಾಗ ಹೀಗೇ ಕೊಡುತ್ತಿದ್ದರು. ಎರಡನೇ ತೆನೆ ತೆಗೆದುಕೊಂಡವರು ತಿಕ್ಕದೆ ಸುಮ್ನೆ ಕೂತರು.

"ಅವತ್ತಿಂದ ಎಷ್ಟ ಸಲ ಸೀತನಿ ತಿಂದೆ ನೋಡು ನಾ," ಅಂದರು. ಆಮೇಲೆ, "ಅಂವನ ಹೆಸರ ಏನಂದಿ?"

"ಅರುಣ್, ಅಪ್ಪಾ."

"ಅರುಣ," ಅಂದರು. ತೆನೆ ತಿಕ್ಕುತ್ತಾ ಮತ್ತೊಮ್ಮೆ ಅಂದರು, "ಅರುಣ."