ಫ್ಯಾಟ್ ಕದ್ದವರು ಯಾರು?

ಡೇರಿಯಲ್ಲಿ ಹಾಲು ಟೆಸ್ಟ್ ಮಾಡುವವರಿಗೆ ಗೊತ್ತು, ಜಗಳ ಶುರುವಾಗುವುದು ಫ್ಯಾಟ್ (ಹಾಲಿನ ಕೊಬ್ಬಿನಂಶ) ಬರೆದ ಚೀಟಿ ಕೈಗೆ ಬಂದ ಮೇಲೆ. ಆವತ್ತು ಚೀಟಿ ಬರುವ ಮೊದಲೇ ಶುರುವಾಯಿತು.

ಒಂದೇ ಹಸು ಸಾಕಿಕೊಂಡಿರುವ ಅಕ್ಕ. ಅವರ ಹಾಲಿನ ಫ್ಯಾಟ್ ಯಾವಾಗಲೂ ಶೇಕಡಾ 3.9ರ ಆಸುಪಾಸು. ಆ ಬೆಳಿಗ್ಗೆ ಮೆಷಿನ್ 2.4 ತೋರಿಸಿತು. ನನ್ನ ಬೆನ್ನ ಹಿಂದೆಯೇ ನಿಂತಿದ್ದ ಕಾರ್ಯದರ್ಶಿ ಇಡೀ ಸಾಲಿಗೆ ಕೇಳುವ ಹಾಗೆ, "ಏನಕ್ಕಾ, ನಲ್ಲಿ ಹತ್ರ ಹೋಗಿ ಬಂದ್ಯಾ?" ಅಂದುಬಿಟ್ಟರು. ಹಿಂದಿದ್ದವರು ನಕ್ಕರು. ಅಕ್ಕ ನಗಲಿಲ್ಲ. "ಒಂದು ತೊಟ್ಟು ನೀರು ಹಾಕಿಲ್ಲ. ಇನ್ನೊಂದ್ಸಲ ನೋಡು ತಮ್ಮಾ" ಎಂದರು.

ಕ್ಯಾನ್‌ಗೆ ಪ್ಲಂಜರ್ ಹಾಕಿ ಚೆನ್ನಾಗಿ ಕಲಕಿ ಬೇರೆ ಸ್ಯಾಂಪಲ್ ತೆಗೆದೆ. ಕಲಕದೆ ತೆಗೆದರೆ ಕೆನೆ ಮೇಲೇ ಉಳಿದು ಲೆಕ್ಕ ತಪ್ಪುತ್ತದೆ. ಸಾಲು ಬೆಳೆಯುತ್ತಿತ್ತು, ಟ್ಯಾಂಕರ್ ಹಾರ್ನ್ ಹೊಡೆಯುತ್ತಿತ್ತು. ಮತ್ತೆ 2.4. ಸಮಾಧಾನವಾಗದೆ ಜಾರ್ ಒಳಗೆ ಹಾಲು ಸುರಿದು, ಹಾಲಿನ ಸಾಂದ್ರತೆ ತೋರಿಸುವ ಲ್ಯಾಕ್ಟೋಮೀಟರ್ ಬಿಟ್ಟೆ. ನೊರೆ ಸರಿಯುವವರೆಗೆ ಕಾಯಬೇಕಲ್ಲ, ಆ ಹೊತ್ತು ಯಾರೂ ಮಾತಾಡಲಿಲ್ಲ. ಬುರುಡೆ ಮೇಲೆ ಕೆಳಗೆ ಆಡಿ 30ಕ್ಕೆ ನಿಂತಿತು. ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ, 8.5.

ನೀರು ಬೆರೆಸಿದ್ದರೆ ಲ್ಯಾಕ್ಟೋಮೀಟರ್ ಡಿಗ್ರಿಯೂ ಇಳಿಯಬೇಕು, ಎಸ್‌ಎನ್‌ಎಫ್ ಕೂಡ ಬೀಳಬೇಕು. ಇಲ್ಲಿ ಬಿದ್ದಿದ್ದು ಫ್ಯಾಟ್ ಮಾತ್ರ. ಅಂದರೆ ನೀರಲ್ಲ. "ಹಾಗಾದ್ರೆ ಕೆನೆ ತೆಗೆದಿದ್ದಾಳೆ" ಎಂದರು ಕಾರ್ಯದರ್ಶಿ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತ್ತು. ಕೆನೆ ತೆಗೆದಾಗ ಏರುವ ಡಿಗ್ರಿಯನ್ನು ಅಳತೆ ನೋಡಿ ನೀರು ಹಾಕಿ ಇಳಿಸಿ ಲ್ಯಾಕ್ಟೋಮೀಟರ್‌ಗೇ ಟೋಪಿ ಹಾಕುವವರನ್ನು ನೋಡಿದ್ದೇನೆ. ಆದರೆ ಹಾಗೆ ಮಾಡಿದರೆ ಎಸ್‌ಎನ್‌ಎಫ್ ಸ್ವಲ್ಪವಾದರೂ ಇಳಿಯಬೇಕು. ಇನ್ನು ಆಗತಾನೆ ಕರೆದ ಬಿಸಿ ಹಾಲು, ಅದರ ಮೇಲೆ ಕೆನೆ ಕಟ್ಟುವುದು ಯಾವಾಗ, ತೆಗೆಯುವುದು ಯಾವಾಗ?

"ಕರು ಹೇಗಿದೆ ಅಕ್ಕಾ?" ಎಂದು ಕೇಳಿದೆ. ಸೊರಗಿದೆಯಂತೆ. ಹಾಗಾಗಿ ಮೊದಲು ಡೇರಿಗೆ ಹಾಕುವಷ್ಟು ಕರೆದು, ಆಮೇಲೆ ಕರು ಬಿಡುತ್ತಿದ್ದರಂತೆ. ಸಿಕ್ಕಿಬಿದ್ದ ಕಳ್ಳ! ಕೆಚ್ಚಲಿಂದ ಮೊದಲು ಬರುವ ಹಾಲು ತೆಳ್ಳಗೆ, ಫ್ಯಾಟ್ ಶೇಕಡಾ ಒಂದೆರಡು ಇದ್ದರೆ ಹೆಚ್ಚು. ಕೊನೆಗೆ ಹಿಂಡುವ ಹಾಲಿನಲ್ಲಿ ಅದರ ಹಲವು ಪಟ್ಟು. ಗಟ್ಟಿ ಹಾಲೆಲ್ಲ ಕರುವಿನ ಹೊಟ್ಟೆಗೆ, ತೆಳು ಹಾಲು ನನ್ನ ಮೆಷಿನ್‌ಗೆ.

ಹತ್ತು ಹಸು ಇರುವವರಿಗೆ ಈ ಪಾಡಿಲ್ಲ. ಒಂದರ ಕಮ್ಮಿ ಇನ್ನೊಂದರ ಜಾಸ್ತಿಯಲ್ಲಿ ಮುಚ್ಚಿಹೋಗುತ್ತದೆ. ಒಂದೇ ಹಸುವಿನ ಹಾಲಿನಲ್ಲಿ ಮೇವು ಬದಲಾಗಿದ್ದು, ಹಸು ಸರಿಯಾಗಿ ಸೊರೆ ಬಿಡದಿದ್ದು, ಬೆದೆಗೆ ಬಂದಿದ್ದು ಎಲ್ಲ ಕಾಣುತ್ತದೆ. ನಮ್ಮ ಸಾಫ್ಟ್‌ವೇರ್‌ಗೆ ಇದು ಬೇಕಿಲ್ಲ. ಕಟಾಫ್‌ಗಿಂತ ಕಮ್ಮಿ ಬಂದರೆ ಕೆಂಪು ಬಣ್ಣ, ಅಷ್ಟೇ. "ಯಾಕೆ" ಎಂದು ಬರೆಯಲು ಒಂದು ಖಾನೆ ಕೊಡಿ ಎಂದು ಕೇಳಿ ಕೇಳಿ ಸಾಕಾಗಿದೆ.

ಒಂದು ಮೊಲೆ ಕರುವಿಗೆ ಬಿಟ್ಟು ಉಳಿದ ಮೂರನ್ನು ಕೊನೆ ಹನಿವರೆಗೆ ಹಿಂಡಿ ಎಂದೆ. ಫ್ಯಾಟ್ ಮೇಲೆ ಬಂತು. ಆದರೆ ಸಾಲಿನಲ್ಲಿ ಕೇಳಿದ ಮಾತು ಅಕ್ಕ ಮರೆಯಲಿಲ್ಲ. ಒಂದು ಹೊತ್ತಿನ ಹಾಲನ್ನು ವರ್ತನೆ ಮನೆಗಳಿಗೆ, ಅಂದರೆ ದಿನಾ ಹಾಲು ಹಾಕಿಸಿಕೊಳ್ಳುವವರಿಗೆ, ಕೊಡಲು ಶುರು ಮಾಡಿದರು. ಅಲ್ಲಿ ಲೀಟರಿಗೆ ಹೆಚ್ಚು ಸಿಗುತ್ತದೆ, ಯಾರೂ ಮೆಷಿನ್ ಇಡುವುದಿಲ್ಲ. ಆದರೆ ಆ ಮನೆಯವರು ಊರಿಗೆ ಹೋದ ದಿನ ಹಾಲು ಉಳಿಯುತ್ತದೆ, ಬಾಕಿ ವಸೂಲಿಗೆ ಅಲೆಯಬೇಕು. ಹಾಗಾಗಿ ಡೇರಿಯನ್ನು ಪೂರ್ತಿ ಬಿಡುವ ಹಾಗೂ ಇಲ್ಲ.

ಅವರು ಮನೆಗಳಿಗೆ ಕೊಡುತ್ತಿದ್ದುದು ಸಂಜೆ ಹಾಲು. ನನಗೆ ಸುಮ್ನೆ ಇರಲಾಗಲಿಲ್ಲ. ರಾತ್ರಿಯಿಡೀ ತುಂಬಿದ ಕೆಚ್ಚಲು, ಬೆಳಿಗ್ಗೆ ಹಾಲು ಜಾಸ್ತಿ, ಫ್ಯಾಟ್ ಕಮ್ಮಿ. ಸಂಜೆ ಹಾಲು ಕಮ್ಮಿ, ಫ್ಯಾಟ್ ಜಾಸ್ತಿ. ಫ್ಯಾಟ್ ನೋಡಿ ದುಡ್ಡು ಕೊಡುವವರು ನಾವು, ಲೀಟರ್ ನೋಡಿ ಕೊಡುವವರು ಮನೆಯವರು. ಅದಲು ಬದಲು ಮಾಡಿ ಎಂದೆ. ಮರುದಿನದಿಂದಲೇ ಮಾಡಿದರು. ಬೆಳಗಿನ ಲೀಟರ್ ಕಮ್ಮಿಯಾಗುತ್ತಿದೆ ಎಂದು ಕಾರ್ಯದರ್ಶಿ ಇನ್ನೂ ಗೊಣಗುತ್ತಿದ್ದಾರೆ. ಈ ಐಡಿಯಾ ಕೊಟ್ಟಿದ್ದು ಯಾರು ಎಂದು ಅವರಿಗೆ ಗೊತ್ತಿಲ್ಲ.